ಮದುವೆ ಫೋಟೋಗೆ ಯಾವ ಲೆನ್ಸ್? ಕೈಯಲ್ಲಿ 45,000 ಇದೆ, ಮಂಟಪದ ಎದುರು ಜಾಗ ಇಲ್ಲ

ತುಂಗೆಯ ದಡ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಹಗಲು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ, ಉಳಿದ ಹೊತ್ತು ಕ್ಯಾಮೆರಾ ಹುಚ್ಚು. ಇರುವುದು ನಿಕಾನ್ ಡಿ5600. ಅದರ ಪೆಟ್ಟಿಗೆಯಲ್ಲೇ ಬಂದ 18-55 ಮತ್ತು 70-300 ಎಂಎಂ ಝೂಮ್ ಲೆನ್ಸ್ (ಎಂಎಂ ಕಡಿಮೆ ಇದ್ದಷ್ಟು ಅಗಲ ಹಿಡಿಯುತ್ತದೆ, ಹೆಚ್ಚಿದ್ದಷ್ಟು ದೂರದ್ದು ಹತ್ತಿರ ಕಾಣುತ್ತದೆ), ಅಷ್ಟೇ ನನ್ನ ಆಸ್ತಿ.

ಹೋದ ವೈಶಾಖದಲ್ಲಿ ಚಿಕ್ಕಪ್ಪನ ಮಗಳ ಮದುವೆ ಮನೆಯಲ್ಲೇ ಆಯಿತು. ಅಂಗಳಕ್ಕೆ ಚಪ್ಪರ, ಮೇಲೆ ಸೋಗೆ, ಮಳೆ ಬಂದರೆ ಇರಲಿ ಅಂತ ಸೋಗೆಯ ಮೇಲೊಂದು ನೀಲಿ ಟಾರ್ಪಾಲು. ಫೋಟೋಗೆ ಸ್ಟುಡಿಯೋದವರು ಬಂದಿದ್ದರು. ನಾನು ಪಕ್ಕದಲ್ಲಿ ಸುಮ್ನೆ ನನ್ನ ಪಾಡಿಗೆ ತೆಗೆಯುತ್ತಿದ್ದೆ. ಬೆಳಿಗ್ಗೆ ತೆಗೆದವು ಚೆನ್ನಾಗಿಯೇ ಬಂದವು. ಅಡುಗೆ ಭಟ್ಟರು, ಬಾಳೆಎಲೆ ತೊಳೆಯುವ ಮಕ್ಕಳು, ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತ ಅಜ್ಜಿ. ಕೆಟ್ಟದ್ದು ಧಾರೆ ಹೊತ್ತಿಗೆ. ಮಾಂಗಲ್ಯ ಕಟ್ಟುವ ಫೋಟೋದ ವಿವರ ಈಗ ನೋಡಿದರೆ: 55 ಎಂಎಂ, ಎಫ್ 5.6 (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಈ ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು), ಶಟರ್ 1/30 ಸೆಕೆಂಡ್, ಐಎಸ್ಒ (ಬೆಳಕಿನ ಸೂಕ್ಷ್ಮತೆ) 6400. ಕೈಗಳೆಲ್ಲ ಮಂಜು ಮಂಜು. ಮುಖವೆಲ್ಲ ನೀಲಿ. ಗಾಬರಿಯಲ್ಲಿ ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಎಬ್ಬಿಸಿದೆ. ಲೆನ್ಸಿನ ಹುಡ್ ಬಿಚ್ಚಲು ಮರೆತಿದ್ದೆ. ಮದುಮಗನ ಬಿಳಿ ಪಂಚೆಯ ಮೇಲೆ ಅರ್ಧಚಂದ್ರದಂತೆ ಕಪ್ಪು ನೆರಳು. ಒಂದಲ್ಲ, ಇಪ್ಪತ್ತು ಫೋಟೋದಲ್ಲಿ.

ಇಷ್ಟಾದರೂ ನೆಂಟರಿಗೆ ಬೆಳಗಿನ ಫೋಟೋಗಳು ಹಿಡಿಸಿಬಿಟ್ಟಿವೆ. ತುಳಸಿ ಪೂಜೆ ಕಳೆದ ಮೇಲೆ ಮೂರು ಮದುವೆ ನನ್ನ ತಲೆಗೆ ಕಟ್ಟಿದ್ದಾರೆ. ಎರಡು ಮನೆಯಲ್ಲಿ, ಒಂದು ಶಿವಮೊಗ್ಗದ ಕಲ್ಯಾಣ ಮಂಟಪದಲ್ಲಿ, ಹಿಂದಿನ ರಾತ್ರಿಯ ಆರತಕ್ಷತೆ ಸಮೇತ. ಈ ಸಲ ಪಕ್ಕದಲ್ಲಿ ನಿಲ್ಲುವವನಲ್ಲ, ನಾನೇ ಫೋಟೋದವನು.

ಬಜೆಟ್ 45,000. ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಒಬ್ಬರು 50 ಎಂಎಂ ಎಫ್ 1.8 ಸಾಕು ಅಂದರು. ಇನ್ನೊಬ್ಬರು 70-200 ಇಲ್ಲದೆ ಮದುವೆ ಮನೆಗೆ ಕಾಲಿಡಬೇಡ ಅಂದರು. ಮೂರನೆಯವರು ಈ ಕ್ಯಾಮೆರಾ ಬಾಡಿ ಮಾರಿ ಫುಲ್ ಫ್ರೇಮ್ (ಇದಕ್ಕಿಂತ ದೊಡ್ಡ ಸೆನ್ಸಾರಿನ ಕ್ಯಾಮೆರಾ) ತಗೋ ಅಂದರು. ಪರಿಚಯದವರೊಬ್ಬರು ತಮ್ಮ ಹಳೆಯ 50 1.8ಡಿ ಲೆನ್ಸನ್ನು 4,000ಕ್ಕೆ ಕೊಡುತ್ತೇನೆ ಅಂತಿದ್ದಾರೆ. ಈಗ ಆಷಾಢ, ಯೋಚನೆ ಮಾಡಲು ಸಮಯ ಇದೆ. ಏನು ಮಾಡಲಿ ಹೇಳಿ.

ಕ್ಯಾಂಡಿಡ್ ಬೆಂಗಳೂರು:

50 1.8 ತಗೊಳ್ಳಿ ಬ್ರದರ್, ಕಣ್ಣು ಮುಚ್ಚಿಕೊಂಡು. ನಿಮ್ಮ ಎಫ್ 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಹಿಂದಿನ ಬ್ಲರ್ ಬೆಣ್ಣೆ ಹಾಗೆ ಬರುತ್ತದೆ.

ಆದರೆ ಆ 4,000ದ್ದು ಬೇಡ. ಡಿ5600 ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ ಡಿ ಲೆನ್ಸ್‌ಗಳ ಒಳಗೂ ಇಲ್ಲ. ಎರಡೂ ಸೇರಿದರೆ ನೀವೇ ಕೈಯಲ್ಲಿ ತಿರುಗಿಸುತ್ತಾ ಕೂರಬೇಕು. 50 1.8ಜಿ ತಗೊಳ್ಳಿ. ಲೆನ್ಸಿನ ಮೇಲೆ ಎಎಫ್-ಎಸ್ ಅಂತ ಇರುತ್ತದೆ, ಅಂದರೆ ಒಳಗೆ ಮೋಟಾರ್ ಇದೆ.

ಹಾಸನದ ಹಳೇ ಸ್ಟುಡಿಯೋ:

ಮೋಟಾರಿನ ಮಾತು ನೂರಕ್ಕೆ ನೂರು ಸರಿ. 50 ಎಂಎಂ ಮಾತಿಗೆ ನನ್ನ ತಕರಾರು ಇದೆ.

ನಾನು ಮದುವೆ ಫೋಟೋಗೆ ಇಳಿದದ್ದು 1998ರಲ್ಲಿ. ಕೈಯಲ್ಲಿ ಎರವಲು ತಂದ ನಿಕಾನ್ ಎಫ್ಎಂ10, ಅದರ 35-70 ಲೆನ್ಸ್, ಮದುವೆಗೆ 36ರ ಐದು ರೋಲು. ಲೆನ್ಸ್ ಆಯ್ಕೆ ಅನ್ನುವ ತಲೆನೋವೇ ಇರಲಿಲ್ಲ, ಇದ್ದದ್ದೇ ಒಂದು. ವಿಡಿಯೋದವನ ಹುಡುಗ ಸನ್‌ಗನ್ ದೀಪ ಎತ್ತಿ ಹಿಡಿದರೆ ಪುರೋಹಿತರ ಹಣೆಯ ಬೆವರೂ ಎಣಿಸಬಹುದಿತ್ತು. ಆ ಸೆಕೆ, ಆ ಬೆಳಕು ಎರಡೂ ಈಗಿಲ್ಲ. ಅದಕ್ಕೇ ಈ ಲೆನ್ಸಿನ ಗಲಾಟೆ.

ಲೆನ್ಸ್ ಯಾವುದು ಅಂತ ಕೇಳಿಕೊಂಡು ಬರುವ ಹುಡುಗರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ. ಮಂಟಪದಿಂದ ನೀವು ನಿಲ್ಲುವ ಜಾಗಕ್ಕೆ ಎಷ್ಟು ಅಡಿ? ಯಾರಿಗೂ ಗೊತ್ತಿರುವುದಿಲ್ಲ. ಲೆನ್ಸಿನ ಬೆಲೆ ಗೊತ್ತು, ಯೂಟ್ಯೂಬಿನಲ್ಲಿ ಯಾರು ಏನು ಹೇಳಿದರು ಅನ್ನುವುದೂ ಗೊತ್ತು. ಅಡಿ ಗೊತ್ತಿಲ್ಲ.

ಒಂದು ಲೆಕ್ಕ ಹೇಳುತ್ತೇನೆ, ಸೊಸೈಟಿಯವರಿಗೆ ಕಷ್ಟವಾಗಲಿಕ್ಕಿಲ್ಲ. ನಿಮ್ಮ ಕ್ಯಾಮೆರಾದ ಸೆನ್ಸಾರ್ ಅಗಲ 23.5 ಮಿಲಿಮೀಟರ್. 24 ಅಂತಿಟ್ಟುಕೊಳ್ಳಿ. ನಿಂತ ದೂರವನ್ನು ಅಡಿಯಲ್ಲಿ ಹಿಡಿದು 24ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಎಷ್ಟು ಬಂತೋ ಅಷ್ಟು ಅಡಿ ಅಗಲ ನಿಮ್ಮ ಫ್ರೇಮಿನಲ್ಲಿ ಹಿಡಿಯುತ್ತದೆ. ಲೆನ್ಸನ್ನು 24ಕ್ಕೆ ಇಟ್ಟರೆ ಲೆಕ್ಕವೇ ಬೇಡ, ಎಷ್ಟು ಅಡಿ ದೂರವೋ ಅಷ್ಟೇ ಅಡಿ ಅಗಲ. ಫುಲ್ ಫ್ರೇಮ್ ಆದರೆ 24ರ ಬದಲು 36 ಹಾಕಿಕೊಳ್ಳಿ.

ಮನೆ ಮದುವೆಯಲ್ಲಿ ಧಾರೆ ಹೊತ್ತಿಗೆ ನಿಮಗೆ ಸಿಗುವುದು ಆರೇಳು ಅಡಿ. ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ವಿಡಿಯೋದವರ ಸ್ಟ್ಯಾಂಡು. ಅದರ ಹಿಂದೆ ಮೊದಲ ಸಾಲಿನ ಕುರ್ಚಿಯಲ್ಲಿ ಬೀಗರು. ಪಕ್ಕಕ್ಕೆ ಹೋಗೋಣ ಅಂದರೆ ಹೋಮದ ಸಾಮಾನು. ಏಳು ಅಡಿಯಿಂದ 50 ಎಂಎಂನಲ್ಲಿ ಎಷ್ಟು ಹಿಡಿಯಿತು? ಮೂರು ಅಡಿ ಚಿಲ್ಲರೆ. ಅದರಲ್ಲಿ ಮದುಮಗಳು ಇದ್ದಾಳೆ, ಮದುಮಗನ ಒಂದು ಭುಜ ಇದೆ. ಧಾರೆ ಎರೆಯುವ ಅಪ್ಪ ಅಮ್ಮ ಇಬ್ಬರೂ ಫ್ರೇಮಿನ ಹೊರಗೆ. ಅದೇ ಜಾಗದಿಂದ 17 ಎಂಎಂ ಆದರೆ ಹತ್ತು ಅಡಿ ಹಿಡಿಯುತ್ತದೆ, ಮನೆಮಂದಿಯೆಲ್ಲ ಒಳಗೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. 2009ರಲ್ಲಿ ಅರಕಲಗೂಡು ಹತ್ತಿರದ ಒಂದು ಹಳ್ಳಿಯ ಮದುವೆ. ಆಗ ತಾನೆ ನಿಕಾನ್ ಡಿ90 ತಗೊಂಡಿದ್ದೆ, ಜೊತೆಗೆ ಇದೇ 50 1.8ಡಿ. ಆ ಬಾಡಿಯಲ್ಲಿ ಮೋಟಾರ್ ಇತ್ತು, ಹಾಗಾಗಿ ಫೋಕಸ್ ಆಗುತ್ತಿತ್ತು. ಹೊಸ ಲೆನ್ಸಿನ ಮೋಹ ನೋಡಿ, ಝೂಮನ್ನು ಸ್ಟುಡಿಯೋದಲ್ಲೇ ಬಿಟ್ಟು ಹೋದೆ. ಧಾರೆ ಹೊತ್ತಿಗೆ ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತರೂ ಇಬ್ಬರು ಹಿಡಿಯುತ್ತಿಲ್ಲ. ಕೊನೆಗೆ ಕಿಟಕಿ ಕಟ್ಟೆ ಹತ್ತಿ, ಸರಳು ಹಿಡಿದುಕೊಂಡು ಒಂದೇ ಕೈಯಲ್ಲಿ ತೆಗೆದೆ. ತಿಂಗಳ ಮೇಲೆ ಹೆಣ್ಣಿನ ತಂದೆ ಆಲ್ಬಂ ನೋಡಲು ಬಂದರು. 12-36 ಇಂಚು ಸೈಜಿನ ಆಲ್ಬಂ. ಪುಟ ಮಗುಚಿದರು, ಮತ್ತೆ ಹಿಂದಕ್ಕೆ ಬಂದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಬಯ್ಯಲಿಲ್ಲ. "ನಾನು ಎರಡು ಕೈಯಲ್ಲಿ ಹಿಡಿದಿದ್ದೆನಲ್ಲ, ಅದು ಬಂದಿಲ್ಲವೇನಪ್ಪಾ" ಅಂದರು. ಫೋಟೋದಲ್ಲಿ ಅವರದೆಂದರೆ ನೀರು ಬಿಡುವ ನಾಲ್ಕು ಬೆರಳು, ಅಷ್ಟೇ.

ಹಾಗಾಗಿ ಒಂದೇ ಬಾಡಿ ಇರುವವರಿಗೆ ಮೊದಲ ಲೆನ್ಸ್ 17-50 ಎಫ್ 2.8. ಎರಡು ಮಾತಿಲ್ಲ. ಉದ್ದಕ್ಕೂ 2.8 ಇರಬೇಕು, ಝೂಮ್ ಮಾಡಿದರೂ ಕಡಿಮೆಯಾಗಬಾರದು. ನಿಮ್ಮ 5.6ರಿಂದ 2.8ಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟು. ಅಂದರೆ ಅದೇ ಚಪ್ಪರ, ಅದೇ ಐಎಸ್ಒ, 1/30 ಇದ್ದದ್ದು 1/125 ಆಗುತ್ತದೆ. ತಾಳಿಗೆ ಗಂಟು ಹಾಕುವ ಬೆರಳು 1/125ರಲ್ಲಿ ನಿಲ್ಲುತ್ತದೆ. ಅಕ್ಷತೆ ನಿಲ್ಲುವುದಿಲ್ಲ, ಹಳದಿ ಗೆರೆಯಾಗಿ ಬರುತ್ತದೆ. ಬರಲಿ ಬಿಡಿ, ಅದು ಚೆಂದವೇ.

ಸಿಗ್ಮಾದ 17-50 2.8 ಒಎಸ್ ಎಚ್ಎಸ್ಎಂ ಸೆಕೆಂಡ್ ಹ್ಯಾಂಡ್ ಹುಡುಕಿ. ಅದರೊಳಗೆ ಮೋಟಾರ್ ಇದೆ. ಟ್ಯಾಮ್ರಾನ್ 17-50 ಕೂಡ ಒಳ್ಳೆಯದೇ, ಹಗುರ. ಆದರೆ ನಿಕಾನ್‌ಗೆ ಬಂದ ಅದರ ಮೊದಲಿನ ಕೆಲವು ಮೋಟಾರ್ ಇಲ್ಲದವು. ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ, ಬಟನ್ ಅರ್ಧ ಒತ್ತಿ ನೋಡದೆ ದುಡ್ಡು ಕೊಡಬೇಡಿ.

ಒಂದು ಎಚ್ಚರ. 17 ಇದೆ ಅಂತ ಗ್ರೂಪ್ ಫೋಟೋವನ್ನೂ 17ರಲ್ಲಿ ತೆಗೆಯಬೇಡಿ. ಅಂಚಿನಲ್ಲಿ ನಿಂತವರು ಅಡ್ಡಕ್ಕೆ ಎಳೆದ ಹಾಗೆ ದಪ್ಪ ಆಗುತ್ತಾರೆ. ಅಂಚಿನಲ್ಲಿ ನಿಲ್ಲುವುದು ಯಾವಾಗಲೂ ಅತ್ತೆಯಂದಿರೇ. ಗ್ರೂಪಿಗೆ 24ರಿಂದ ಮೇಲೆ ಇರಿ, ಎರಡು ಸಾಲು ಇದ್ದರೆ ಎಫ್ 5.6, ಫ್ಲ್ಯಾಶ್ ಹಾಕಿ.

70-200 ಬಗ್ಗೆ. ಮನೆ ಮದುವೆಗೆ ಅದು ಬೇಡ. ಹತ್ತು ಅಡಿ ಅಗಲ ಹಿಡಿಯಬೇಕಾದರೆ 70 ಎಂಎಂನಲ್ಲಿ 29 ಅಡಿ ಹಿಂದೆ ಹೋಗಬೇಕು. ಕೊಟ್ಟಿಗೆಯಿಂದ ತೆಗೆಯುತ್ತೀರಾ? ಶಿವಮೊಗ್ಗದ ಆರತಕ್ಷತೆಗೆ ಬೇರೆ ಮಾತು. ಅಲ್ಲಿ ವೇದಿಕೆಯಿಂದ 20 ಅಡಿ, 30 ಅಡಿ ದೂರ ನಿಂತೇ ತೆಗೆಯಬೇಕು, ಸಾಲು ಹಚ್ಚಿ ಬರುವ ಜನಕ್ಕೆ ಅಡ್ಡ ಆಗಬಾರದು. ಅದಕ್ಕೆ ಒಂದು ರಾತ್ರಿಗೆ ಬಾಡಿಗೆಗೆ ತನ್ನಿ. ಒಂದೂವರೆ ಕೇಜಿ ತೂಕ, ಮೂರು ಗಂಟೆ ಹಿಡಿದ ಮೇಲೆ ನೀವೇ ವಾಪಸ್ ಕೊಡುತ್ತೀರಿ.

ಫುಲ್ ಫ್ರೇಮ್ ಈಗ ಬೇಡ. ಬಾಡಿ ತಗೊಂಡ ಮೇಲೆ ಅದಕ್ಕೆ 24-70 ತಗೊಳ್ಳಲು ತೋಟ ಅಡ ಇಡಬೇಕು.

ತಗೊಳ್ಳುವ ಮೊದಲು ಒಂದು ಮನೆಕೆಲಸ. ಹಳೆಯ ಮದುವೆಯ ನಿಮ್ಮ ಫೋಟೋಗಳನ್ನು ತೆಗೆದು, ಯಾವ ಎಂಎಂನಲ್ಲಿ ಎಷ್ಟು ತೆಗೆದಿದ್ದೀರಿ ಅಂತ ಎಣಿಸಿ. ಆಮೇಲೆ ಪೆಟ್ಟಿಗೆಯಲ್ಲಿ ಬಂದ 18-55 ಲೆನ್ಸನ್ನು 35ಕ್ಕೆ ತಿರುಗಿಸಿ ಸೆಲ್ಲೋಟೇಪ್ ಸುತ್ತಿ. ಒಂದು ಭಾನುವಾರ ಪೂರ್ತಿ ಅದರಲ್ಲೇ ತೆಗೆಯಿರಿ. ಮುಂದಿನ ಭಾನುವಾರ 50ಕ್ಕೆ ಇಟ್ಟು ಟೇಪ್ ಸುತ್ತಿ. ಝೂಮ್ ಇಲ್ಲದ ಪ್ರೈಮ್ ಲೆನ್ಸ್ ತಗೊಂಡರೆ ಹೇಗಿರುತ್ತದೆ ಅಂತ ಪೈಸಾ ಖರ್ಚಿಲ್ಲದೆ ಗೊತ್ತಾಗುತ್ತದೆ.

ಕ್ಯಾಂಡಿಡ್ ಬೆಂಗಳೂರು:

ಸರ್, ಒಪ್ಪಿದೆ. ನಾನು ತೆಗೆಯುವುದೆಲ್ಲ ದೊಡ್ಡ ಹಾಲ್‌ಗಳಲ್ಲಿ, ಜೊತೆಗೆ ಇನ್ನಿಬ್ಬರು ಇರುತ್ತಾರೆ. ಅಗಲದ ಫೋಟೋಗಳನ್ನು ಅವರು ನೋಡಿಕೊಳ್ಳುತ್ತಾರೆ. ಒಬ್ಬರೇ ಆದರೆ ನೀವು ಹೇಳಿದ್ದೇ ಸರಿ.

ಧಾರವಾಡ ಡಾರ್ಕ್‌ರೂಮ್:

ನಮಸ್ಕಾರ. ನಾನು ಹನ್ನೊಂದು ವರ್ಷದಿಂದ ಮದುವೆ ತೆಗೆಯುತ್ತಿದ್ದೇನೆ, ಹೆಚ್ಚಾಗಿ ಹೆಣ್ಣಿನ ಕಡೆಯವರೇ ಕರೆಯುತ್ತಾರೆ. ಹಾಸನದ ಸರ್ ಹೇಳಿದ್ದೆಲ್ಲ ಮಂಟಪದ ಎದುರಿನ ಮಾತು. ನಾನು ಒಳಗಿನ ಕೋಣೆಯ ಮಾತು ಹೇಳುತ್ತೇನೆ.

ಮದುಮಗಳು ಸಿಂಗಾರ ಮಾಡಿಕೊಳ್ಳುವ ಕೋಣೆ ಅಂದರೆ ಹತ್ತು ಅಡಿಗೆ ಹತ್ತು ಅಡಿ. ಒಂದು ಮಂಚ, ಮಂಚದ ತುಂಬ ಸೀರೆ ಪೆಟ್ಟಿಗೆ, ಒಂದು ಟ್ಯೂಬ್‌ಲೈಟು, ಎಂಟು ಜನ ಹೆಂಗಸರು. ಅಲ್ಲಿ 2.8 ಕೂಡ ಸಾಲುವುದಿಲ್ಲ. ನಿಕಾನ್ 35 ಎಂಎಂ 1.8ಜಿ ಡಿಎಕ್ಸ್ ಇದೆಯಲ್ಲ, ನಿಮ್ಮ ಕ್ಯಾಮೆರಾಕ್ಕೆ ಅಂತಲೇ ಮಾಡಿದ ಹಾಗಿದೆ. ಇನ್ನೂರು ಗ್ರಾಂ ತೂಕ. ಬಾಗಿಲ ಮೂಲೆಯಲ್ಲಿ ನಿಂತು, ಟ್ಯೂಬ್‌ಲೈಟ್ ಆರಿಸಿ, ಕಿಟಕಿ ತೆಗೆಸಿ. ಜಡೆಗೆ ಮೊಗ್ಗು ಮುಡಿಸುವ ಕೈ, ಕನ್ನಡಿಯಲ್ಲಿ ಕಾಣುವ ಅರ್ಧ ಮುಖ ಸಿಗುತ್ತದೆ. ದೊಡ್ಡ ಲೆನ್ಸ್ ಎತ್ತಿದರೆ ಅಷ್ಟೂ ಜನ ಮಾತು ನಿಲ್ಲಿಸಿ ನಿಮ್ಮ ಕಡೆ ನೋಡುತ್ತಾರೆ. ಇದು ಚಿಕ್ಕದು, ಐದು ನಿಮಿಷಕ್ಕೆ ನಿಮ್ಮನ್ನು ಮರೆಯುತ್ತಾರೆ.

85 ಎಂಎಂ ಕೂಡ ಯಾರಾದರೂ ಹೇಳುತ್ತಾರೆ ನೋಡಿ. ನನ್ನ ಇಷ್ಟದ ಲೆನ್ಸ್ ಅದೇ, ಆದರೂ ಮೊದಲು ಅದನ್ನು ತಗೊಳ್ಳಬೇಡಿ. ಎರಡು ಮೀಟರ್ ದೂರದಿಂದ ಎಫ್ 1.8ರಲ್ಲಿ ತೆಗೆದರೆ ನಿಮ್ಮ ಬಾಡಿಯಲ್ಲಿ ಚೊಕ್ಕ ಬರುವುದು ನಾಲ್ಕು ಸೆಂಟಿಮೀಟರ್ ಆಳ ಮಾತ್ರ. ಬಾಸಿಂಗ ಕಟ್ಟಿದ ಮುಖಕ್ಕೆ ಹೀಗೆ ತೆಗೆದು ನೋಡಿ. ಫೋಕಸ್ ಹೋಗಿ ಬಾಸಿಂಗದ ಮೇಲೆ ಕೂರುತ್ತದೆ. ಬಾಸಿಂಗದ ಮುತ್ತು ಒಂದೊಂದೂ ಎಣಿಸಬಹುದು, ಹಿಂದಿನ ಕಣ್ಣು ಮಾತ್ರ ನೀರಲ್ಲಿ ಅದ್ದಿದ ಹಾಗೆ. ನಾನು ಈ ತಪ್ಪನ್ನು ಒಂದು ಇಡೀ ಮದುವೆಯಲ್ಲಿ ಮಾಡಿದ್ದೇನೆ. ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತ್ತು.

ಅಂತರಪಟ ಸರಿಯುವಾಗಲೂ ಅಷ್ಟೇ. ಜೀರಿಗೆ ಬೆಲ್ಲ ತಲೆಗೆ ಬೀಳುವ ಹೊತ್ತಿಗೆ ಇಬ್ಬರ ಮುಖವೂ ಬೇಕು. ಒಬ್ಬರ ಹಿಂದಿನಿಂದ ತೆಗೆದರೆ ಒಬ್ಬರದೇ ಬರುತ್ತದೆ. ಪಟ ಹಿಡಿದವರ ಪಕ್ಕ, ಅಡ್ಡಕ್ಕೆ ನಿಲ್ಲಿ. ಇಬ್ಬರೂ ನಿಮ್ಮಿಂದ ಒಂದೇ ದೂರ, ಎಫ್ 2.8ರಲ್ಲೂ ಇಬ್ಬರೂ ಚೊಕ್ಕ. ಆ ಜಾಗಕ್ಕೆ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲಿ, ಒಮ್ಮೆ ಬಿಟ್ಟರೆ ಯಾವುದೋ ಮಾವನ ಮೊಬೈಲು ಬಂದು ಕೂರುತ್ತದೆ.

ಮಂಟಪದ ಹತ್ತಿರ ಲೆನ್ಸ್ ಬದಲಾಯಿಸಬೇಡಿ. ನಾನು ಒಮ್ಮೆ 35 ಬಿಚ್ಚಿ 85 ಹಾಕುವಾಗ ಗಟ್ಟಿಮೇಳ ಶುರುವಾಯಿತು. ಹಿಂದಿನವರು ಅಕ್ಷತೆ ಎಸೆದರು. ಒಂದು ಕಾಳು ನೇರ ಕ್ಯಾಮೆರಾದೊಳಗೆ, ಕನ್ನಡಿಯ ಪಕ್ಕ. ಅರಿಶಿನ ಹಚ್ಚಿದ ಅಕ್ಕಿ. ಕ್ಯಾಮೆರಾವನ್ನು ತಲೆಕೆಳಗೆ ಮಾಡಿ ತಟ್ಟುತ್ತಾ ನಿಂತಿದ್ದೆ, ಎದುರು ತಾಳಿ ಕಟ್ಟಿ ಮುಗಿಯಿತು. ಅದಾದ ಮೇಲೆ ಎರಡು ಬಾಡಿ ಇಟ್ಟುಕೊಂಡೆ. ಒಂದೇ ಬಾಡಿ ಇರುವವರೆಗೆ ನಿಮಗೆ ಝೂಮೇ ಸರಿ, ಅದರಲ್ಲಿ ಸರ್ ಜೊತೆ ನನ್ನ ಜಗಳ ಇಲ್ಲ. ನಮ್ಮ ಕಡೆ ಸುರಗಿ ನೀರು ಎರೆಯುವ ಶಾಸ್ತ್ರ ಬೇರೆ, ಬಾಡಿಗೆ ತಂದ ಲೆನ್ಸಿಗೆ ಅರಿಶಿನದ ನೀರು ಬಿದ್ದರೆ ಕಥೆ ಮುಗಿಯಿತು.

ಡಿ5600ಗೆ ಕಾರ್ಡ್ ಹಾಕುವ ಜಾಗ ಒಂದೇ. ಧಾರೆ ಮುಗಿದ ಕೂಡಲೇ ಕಾರ್ಡ್ ಬದಲಾಯಿಸಿ, ಹಳೆಯದನ್ನು ಬ್ಯಾಗಿಗಲ್ಲ, ಜೇಬಿಗೆ ಹಾಕಿ ಬಟನ್ ಹಾಕಿಕೊಳ್ಳಿ.

ಇನ್ನು ನೀಲಿ ಟಾರ್ಪಾಲಿಗೆ ಯಾವ ಲೆನ್ಸೂ ಮದ್ದಲ್ಲ. ಚಪ್ಪರ ಹಾಕುವ ದಿನವೇ ಹೋಗಿ, ಮಂಟಪದ ಮೇಲಿನಷ್ಟು ಜಾಗಕ್ಕೆ ಒಳಗಿನಿಂದ ಬಿಳಿ ಬಟ್ಟೆ ಕಟ್ಟಿಸಿ. ಹಳೆಯ ಬಿಳಿ ಪಂಚೆ ಎರಡು ಸಾಕು. ನೀಲಿಯೂ ತಗ್ಗುತ್ತದೆ, ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಹೊಡೆದರೆ ಬೆಳಕು ವಾಪಸ್ ಬರುತ್ತದೆ. ಬರೀ ಸೋಗೆಗೆ ಹೊಡೆದರೆ ಅದು ಬೆಳಕನ್ನು ನುಂಗುತ್ತದೆ. ಕೆಂಪು ಹಳದಿ ಶಾಮಿಯಾನಕ್ಕೆ ಹೊಡೆದರಂತೂ ಎಲ್ಲರಿಗೂ ಕಾಮಾಲೆ.

ಕುಂದಾಪುರ ರಿಪೇರಿ:

ಸೆಕೆಂಡ್ ಹ್ಯಾಂಡ್ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು ಮಾರಾಯ್ರೆ. ಮಳೆಗಾಲದಲ್ಲಿ ನಮ್ಮ ಕಡೆಯ, ನಿಮ್ಮ ಕಡೆಯ ಲೆನ್ಸ್ ನಂಬುವುದು ಹೇಗೆ? ಎಲ್ಲದರಲ್ಲೂ ಬೂಷ್ಟು. ನನ್ನ ಮೇಜಿನ ಮೇಲೆ ಈಗ ಹಾಗೆ ಬಂದದ್ದು ಆರು ಬಿದ್ದುಕೊಂಡಿವೆ.

ನೋಡುವ ವಿಧಾನ ಹೇಳುತ್ತೇನೆ. ಕತ್ತಲೆ ಕೋಣೆಗೆ ಹೋಗಿ. ಎರಡೂ ಮುಚ್ಚಳ ತೆಗೆಯಿರಿ. ಮುಂದಿನಿಂದ ಓರೆಯಾಗಿ ಮೊಬೈಲ್ ಟಾರ್ಚ್ ಬಿಡಿ, ಹಿಂದಿನಿಂದ ನೋಡಿ. ಆಮೇಲೆ ಅದಲು ಬದಲು. ಜೇಡರ ಬಲೆಯ ಎಳೆಯ ಹಾಗೆ ಕಂಡರೆ ಬೂಷ್ಟು, ಎದ್ದು ಬನ್ನಿ. ಎರಡು ಮೂರು ಧೂಳಿನ ಚುಕ್ಕೆ ಕಂಡರೆ ಹೆದರಬೇಡಿ, ಅದು ಫೋಟೋದಲ್ಲಿ ಕಾಣುವುದಿಲ್ಲ, ಆದರೆ ಬೆಲೆ ಇಳಿಸಲು ಒಳ್ಳೆಯದು. ಒಳಗಿನ ಬ್ಲೇಡುಗಳ ಮೇಲೆ ಎಣ್ಣೆ ಮಿಂಚುತ್ತಿದೆಯಾ ನೋಡಿ. ಲೆನ್ಸನ್ನು ಕಿವಿಯ ಹತ್ತಿರ ಮೆತ್ತಗೆ ಅಲ್ಲಾಡಿಸಿ. ಕೈನಡುಕ ತಡೆಯುವ ಸ್ಟೆಬಿಲೈಸರ್ ಇರುವುದರಲ್ಲಿ ಸ್ವಲ್ಪ ಕಟಕಟ ಸಹಜ, ಕಲ್ಲು ಹಾಕಿದ ಡಬ್ಬಿಯ ಹಾಗೆ ಆದರೆ ಬಿದ್ದ ಲೆನ್ಸ್. ಮುಂದಿನ ಫಿಲ್ಟರ್ ತಿರುಪು ಒಂದು ಕಡೆ ಚಪ್ಪಟೆ ಆಗಿದ್ದರೂ ಬಿದ್ದದ್ದೇ, ಅವರು ಏನೇ ಹೇಳಲಿ.

ಆಮೇಲೆ ಗೋಡೆಗೆ ಒಂದು ದಿನಪತ್ರಿಕೆಯ ಹಾಳೆ ಅಂಟಿಸಿ, ನೇರ ಎದುರು ನಿಂತು ಎಫ್ 2.8ರಲ್ಲಿ ತೆಗೆಯಿರಿ. ನಾಲ್ಕು ಮೂಲೆಯ ಅಕ್ಷರ ಹೆಚ್ಚು ಕಡಿಮೆ ಒಂದೇ ಹಾಗೆ ಇರಬೇಕು. ಒಂದು ಮೂಲೆ ಮಾತ್ರ ಮಂಜಾದರೆ ಒಳಗೆ ಗಾಜು ಓರೆಯಾಗಿದೆ.

ತಂದ ಮೇಲೆ ಚರ್ಮದ ಚೀಲದಲ್ಲಿ, ಬಟ್ಟೆಯ ಕಪಾಟಿನಲ್ಲಿ ಇಡಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ಅಳೆಯುವ ಸಣ್ಣ ಮೀಟರ್. 40ರಿಂದ 50 ಪರ್ಸೆಂಟ್ ಇದ್ದರೆ ಸಾಕು. ಅಕ್ಕಿ ಡಬ್ಬದೊಳಗೆ ಹುಗಿಯುವ ಬುದ್ಧಿವಂತರೂ ಇದ್ದಾರೆ. ಅಕ್ಕಿಯ ಹುಡಿ ಝೂಮಿನೊಳಗೆ ಹೋದರೆ ಮತ್ತೆ ನನ್ನ ಹತ್ತಿರವೇ ಬರಬೇಕು.

ತುಂಗೆಯ ದಡ:

ಸರ್, ಅಕ್ಕ, ರಿಪೇರಿ ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. 4,000ದ ಲೆನ್ಸ್ ಬೇಡ ಅಂತ ಹೇಳಿದೆ. ಅವರಿಗೆ ಸ್ವಲ್ಪ ಬೇಜಾರಾಯಿತು.

ಮನೆಕೆಲಸ ಮಾಡಿದೆ. ಹೋದ ಮದುವೆಯಲ್ಲಿ ನಾನು ತೆಗೆದದ್ದು 1,140 ಫೋಟೋ. ಅದರಲ್ಲಿ 18ರಿಂದ 35ರ ಒಳಗೆ 690. 35ರಿಂದ 55ರವರೆಗೆ 389. 70-300ರಲ್ಲಿ ಬರೀ 61, ಅದರಲ್ಲೂ 40 ತೋಟದ ಮರದ ಮೇಲೆ ಬಂದು ಕೂತ ಮಂಗಟ್ಟೆ ಹಕ್ಕಿ! 70-200 ಆಸೆ ಅಲ್ಲಿಗೆ ಬಿಟ್ಟೆ.

ಮೊದಲ ಮದುವೆ ಮನೆಗೂ ಹೋಗಿ ಟೇಪ್ ಹಿಡಿದು ಅಳೆದೆ. ಮಂಟಪ ಬರುವ ಜಾಗದಿಂದ ತುಳಸಿಕಟ್ಟೆಗೆ ಏಳೂವರೆ ಅಡಿ. ತುಳಸಿಕಟ್ಟೆಯನ್ನು ಹಿಂದೆ ಸರಿಸಲು ಆಗುವುದಿಲ್ಲವಲ್ಲ. 50ಕ್ಕೆ ಟೇಪ್ ಸುತ್ತಿದ ಭಾನುವಾರ ಅಮ್ಮ, ಅಪ್ಪ ಇಬ್ಬರನ್ನೂ ಅಲ್ಲಿ ಕೂರಿಸಿದ ಹಾಗೆ ನಮ್ಮ ಅಂಗಳದಲ್ಲಿ ಕೂರಿಸಿ ತೆಗೆದೆ. ಅಪ್ಪ ಅರ್ಧ ಹೋದರು.

ಶಿವಮೊಗ್ಗದಲ್ಲಿ ಸಿಗ್ಮಾ 17-50 ಒಂದು 19,000ಕ್ಕೆ ಸಿಕ್ಕಿತು. ಟಾರ್ಚ್ ಬಿಟ್ಟು ನೋಡಿದೆ, ಪೇಪರ್ ಅಂಟಿಸಿ ನೋಡಿದೆ. ಕೊಡುವವರು ನನ್ನನ್ನು ಪೊಲೀಸರನ್ನು ನೋಡುವ ಹಾಗೆ ನೋಡಿದರು. ಉಳಿದದ್ದರಲ್ಲಿ 35 1.8 ಮತ್ತು ಒಂದು ಗೋಡಾಕ್ಸ್ ಫ್ಲ್ಯಾಶ್. ಆರತಕ್ಷತೆಗೆ 85 ಬಾಡಿಗೆಗೆ ಹೇಳಿಟ್ಟಿದ್ದೇನೆ, ಬಾಸಿಂಗ ಇರುವುದಿಲ್ಲವಲ್ಲ ಆ ಹೊತ್ತಿಗೆ.

ಹಾಸನದ ಹಳೇ ಸ್ಟುಡಿಯೋ:

85ರಲ್ಲಿ 20 ಅಡಿಯಿಂದ ಐದೂವರೆ ಅಡಿ ಸಿಗುತ್ತದೆ. ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಇಬ್ಬರೂ ತಲೆಯಿಂದ ಮಂಡಿಯವರೆಗೆ. ಎಫ್ 2.8ಕ್ಕೆ ಇಳಿಸಿಕೊಳ್ಳಿ. ಹಿಂದೆ ಎಲ್ಇಡಿ ಪರದೆ ಹಾಕಿದ್ದರೆ ಫೋಟೋದಲ್ಲಿ ಪಟ್ಟೆ ಪಟ್ಟೆ ಬರಬಹುದು, ಆಗ ಶಟರ್ 1/100ಕ್ಕೆ ಇಳಿಸಿ ನೋಡಿ.

ತುಂಗೆಯ ದಡ:

ಮೊದಲ ಮದುವೆ ಮುಗಿಯಿತು. ವರದಿ ಕೊಡದಿದ್ದರೆ ತಪ್ಪಾಗುತ್ತದೆ.

ಪಂಚೆ ಎರಡು ಕಟ್ಟಿಸಿದ್ದು ದೊಡ್ಡ ಉಪಕಾರ ಅಕ್ಕ. ಯಾಕೆ ಅಂತ ಕೇಳಿದವರಿಗೆ ಧೂಳು ಬೀಳದಿರಲಿ ಅಂತ ಅಂದೆ. ಮುಖ ಮುಖದ ಬಣ್ಣದಲ್ಲೇ ಬಂದವು. ಧಾರೆಯನ್ನು 20 ಎಂಎಂ, ಎಫ್ 2.8, 1/125ರಲ್ಲಿ ತೆಗೆದೆ. ತಂದೆ, ತಾಯಿ, ಕೈ, ನೀರು, ಕೆಳಗಿನ ಹರಿವಾಣ ಎಲ್ಲ ಇದೆ. ನೀರು ಮುರಿಯುವ ಜಾಗದಲ್ಲಿ ಒಂದು ಹನಿ ಗಾಳಿಯಲ್ಲೇ ನಿಂತಿದೆ, ಫ್ಲ್ಯಾಶಿನ ಬೆಳಕಿಗೆ ಇರಬೇಕು. ಹೆಣ್ಣಿನ ತಂದೆಗೆ ಮೊಬೈಲಿನಲ್ಲಿ ತೋರಿಸಿದೆ. ಅವರು ನೋಡಿದ್ದು ತಮ್ಮ ಕೈಯನ್ನಲ್ಲ, ಪಕ್ಕದಲ್ಲಿ ನಿಂತ ತಮ್ಮ ಅಣ್ಣನನ್ನು. ಅವರಿಬ್ಬರ ಮಧ್ಯೆ ಎಷ್ಟೋ ವರ್ಷದಿಂದ ಮಾತಿಲ್ಲವಂತೆ, ಅವರು ಅಷ್ಟು ಹತ್ತಿರ ಬಂದು ನಿಂತದ್ದು ಇವರಿಗೆ ಆಗ ಗೊತ್ತೇ ಆಗಿರಲಿಲ್ಲ. ಅದೊಂದನ್ನು ದೊಡ್ಡದು ಮಾಡಿಸಿ ಕೊಡು ಅಂದರು.

ತಪ್ಪೂ ಆಗಿದೆ. ದೀಪದ ಫೋಟೋಗಳಲ್ಲೆಲ್ಲ ಎದುರು ಬದಿಗೆ ಒಂದೊಂದು ಹಸಿರು ಚುಕ್ಕೆ. ಇನ್ನೊಂದು, ಊಟದ ಮೊದಲು ಅವಸರದಲ್ಲಿ ಹದಿನಾಲ್ಕು ಜನರ ಗ್ರೂಪನ್ನು 17ರಲ್ಲೇ ತೆಗೆದುಬಿಟ್ಟೆ. ಬಲಗಡೆ ಕೊನೆಗೆ ನನ್ನ ಸ್ವಂತ ದೊಡ್ಡಮ್ಮ. ಇನ್ನೂ ಫೋಟೋ ಕೊಟ್ಟಿಲ್ಲ.

ಕುಂದಾಪುರ ರಿಪೇರಿ:

ಹಸಿರು ಚುಕ್ಕೆ ಮುಂದೆ ಹಾಕಿದ ಅಗ್ಗದ ಫಿಲ್ಟರಿನದ್ದು. ಬಿಚ್ಚಿ ಇಡಿ, ಹುಡ್ ಸಾಕು. ಹೋಮದ ಹೊಗೆಗೆ ಬೇಕಾದರೆ ಹಾಕಿ, ದೀಪ ಬಂದಾಗ ತೆಗೆಯಿರಿ.

ಹಾಸನದ ಹಳೇ ಸ್ಟುಡಿಯೋ:

ದೊಡ್ಡಮ್ಮನನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಒಳಗೆ ಒತ್ತಬಹುದು ನೋಡಿ. ಶಿವಮೊಗ್ಗದಲ್ಲಿ ಎರಡೂ ಅಂಚಿಗೆ ಕಾಲೇಜಿನ ಸಣಕಲು ಹುಡುಗರನ್ನು ನಿಲ್ಲಿಸಿ.